ಮಗನಿಗೆ ಸೀಟು ಸಿಕ್ಕಿದೆ, ಮೈದಾನ ಸಿಗುತ್ತದೆಯೇ?

(ಸಿಂಧನೂರಿನಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



 

‘ಎಸ್.ಎಸ್.ಎಲ್.ಸಿ. ನಂತರ ಮುಂದೇನು?’ ಎಂಬ ವಿಷಯದ ಮೇಲೆ ಮಾತನಾಡಲು ನನಗೆ ಹೇಳಿದ್ದಾರೆ. ಈ ವಿಷಯದ ಮೇಲೆ ಪ್ರತಿ ವರ್ಷ ಯಾರಾದರೂ ಮಾತನಾಡುತ್ತಾರೆ. ಸೈನ್ಸ್ ತೆಗೆದುಕೊಂಡರೆ ಡಾಕ್ಟರ್, ಕಾಮರ್ಸ್ ತೆಗೆದುಕೊಂಡರೆ ಬ್ಯಾಂಕು, ಏನೂ ಆಗದಿದ್ದರೆ ಐ.ಟಿ.ಐ. ಎಂದು ಹೇಳಿ ಚಹಾ ಕುಡಿದು ಹೋಗುತ್ತೇವೆ. ಈ ಸಲ ಅಧ್ಯಕ್ಷರ ಅನುಮತಿ ಪಡೆದು ನಾನು ಬೇರೊಂದು ಮಾತು ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣ ಮಸ್ಕಿಯ ಒಬ್ಬ ತಂದೆ. ಅವರು ಇಂದು ಸಭೆಯಲ್ಲೇ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಹೋದ ತಿಂಗಳು ಅವರು ನಮ್ಮ ಶಾಲೆಗೆ ಬಂದರು. ಮಗ ಹತ್ತನೇ ತರಗತಿ, ಉರ್ದು ಮಾಧ್ಯಮ, ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್. ವಿಭಾಗ ಮಟ್ಟದ ಪಂದ್ಯದಲ್ಲಿ ಅವನನ್ನು ನೋಡಿದ ಕರಾವಳಿ ಕಡೆಯ ಒಂದು ಕಾಲೇಜಿನ ಕೋಚ್ ಫೋನ್ ಮಾಡಿದ್ದಾರೆ. ಪಿ.ಯು.ಸಿ.ಗೆ ನಮ್ಮಲ್ಲಿ ಸೇರಿಸಿ, ಫೀಸು ಇಲ್ಲ, ಹಾಸ್ಟೆಲು, ಊಟ ಎಲ್ಲ ನಮ್ಮದೇ ಎಂದಿದ್ದಾರೆ. ಹುಡುಗ ಓದಿನಲ್ಲೂ ಹಿಂದಿಲ್ಲ. ಇಲ್ಲೇ ಸಿಂಧನೂರಿನಲ್ಲಿ ಸೈನ್ಸ್ ಓದಿಸಬೇಕೆಂದು ಮನೆಯವರ ಆಸೆ. ಆ ತಂದೆ ಕುರ್ಚಿಯ ತುದಿಯಲ್ಲಿ ಕುಳಿತು ಕೇಳಿದರು: “ಸರ್, ಆಟಕ್ಕ ಕಳಸ್ಲ್ಯಾ, ಓದಕ್ಕ ಕಳಸ್ಲ್ಯಾ? ಮನ್ಯಾಗ ಮೂರು ದಿನ ಆತು, ಯಾರೂ ಸರಿಯಾಗಿ ಉಂಡಿಲ್ಲ.”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹೊಳೆಯದಿದ್ದುದಕ್ಕೆ ಎರಡು ಕಾರಣ. ಒಂದು, ಆ ಹುಡುಗನಿಗೆ ಗೋಲ್‌ಕೀಪಿಂಗ್ ಕಲಿಸಿದವನು ನಾನೇ. ಎರಡು, ಇಪ್ಪತ್ತು ವರ್ಷದ ಹಿಂದೆ ಇದೇ ಪ್ರಶ್ನೆ ನನ್ನ ಮನೆಯಲ್ಲೂ ಎದ್ದಿತ್ತು.

ಅದನ್ನು ಸ್ವಲ್ಪ ಹೇಳಬೇಕು. 2005ರಲ್ಲಿ ನಾನು ಹತ್ತನೇ ತರಗತಿ ಮುಗಿಸಿದೆ. ಅಬ್ಬಾ ದರ್ಜಿ. ದೂರದ ಊರಿನ ಒಂದು ಕಾಲೇಜಿನವರು ನನ್ನ ಆಟ ನೋಡಿ ಫುಟ್‌ಬಾಲ್ ತಂಡಕ್ಕೆಂದು ಸೀಟು ಕೊಟ್ಟರು. ಅಬ್ಬಾ ಮೊಹಲ್ಲಾದ ಮನೆಮನೆಗೂ ಹೋಗಿ ಸುದ್ದಿ ಹೇಳಿ ಬಂದರು. ನನಗೆ ಹೊಸ ಪ್ಯಾಂಟು ತಾವೇ ಹೊಲಿದರು. ಹೋಗಿ ನೋಡಿದರೆ ತಂಡದಲ್ಲಿ ನನ್ನನ್ನು ಸೇರಿಸಿ ಮೂರು ಜನ ಗೋಲ್‌ಕೀಪರುಗಳು! ಫುಟ್‌ಬಾಲ್ ಬಲ್ಲವರಿಗೆ ಇದರ ಅರ್ಥ ಗೊತ್ತು. ಮುಂದಿನ ಸಾಲಿನ ಆಟಗಾರನನ್ನು ಅರ್ಧ ಪಂದ್ಯಕ್ಕೆ ಬದಲಿಸುತ್ತಾರೆ, ಮಧ್ಯದವನನ್ನು ಬದಲಿಸುತ್ತಾರೆ. ಗೋಲ್‌ಕೀಪರನನ್ನು ಬದಲಿಸುವುದು ಅವನ ಕೈ ಮುರಿದಾಗ ಮಾತ್ರ. ಎರಡು ವರ್ಷದಲ್ಲಿ ನಾನು ಆಡಿದ್ದು ಒಂದೇ ಪಂದ್ಯ. ಉಳಿದದ್ದೆಲ್ಲ ಬೆಂಚು, ಚೆಂಡು ತುಂಬಿದ ಚೀಲ ಹೊರುವುದು, ಮತ್ತೆ ಬೆಂಚು. ಬೆಳಿಗ್ಗೆ ಅಭ್ಯಾಸ, ಸಂಜೆ ಅಭ್ಯಾಸ, ನಡುವೆ ಕ್ಲಾಸಿನಲ್ಲಿ ನಿದ್ದೆ. ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಫೇಲಾಯಿತು.

ಮನೆಗೆ ನಾನು ಏನು ಹೇಳುತ್ತಿದ್ದೆ ಗೊತ್ತೇ? ಪ್ರತಿ ಫೋನಿನಲ್ಲೂ “ಚೆನ್ನಾಗಿ ಆಡ್ತಾ ಇದೀನಿ ಅಬ್ಬಾ” ಎನ್ನುತ್ತಿದ್ದೆ. ಒಂದು ಸಲ ಅವರು ಹೇಳದೆ ಕೇಳದೆ ರಾತ್ರಿ ಬಸ್ಸು ಹಿಡಿದು ಪಂದ್ಯ ನೋಡಲು ಬಂದುಬಿಟ್ಟರು. ತೊಂಬತ್ತು ನಿಮಿಷ ಮೈದಾನದ ಆಚೆ ನಿಂತು, ಬೆಂಚಿನ ಮೇಲೆ ಕುಳಿತ ಮಗನನ್ನು ನೋಡಿದರು. ಪಂದ್ಯ ಮುಗಿದ ಮೇಲೆ ಹೋಟೆಲಿಗೆ ಕರೆದುಕೊಂಡು ಹೋಗಿ ಊಟ ಹಾಕಿಸಿದರು. ಆ ವಿಷಯ ಎತ್ತಲೇ ಇಲ್ಲ. ಇಂದಿಗೂ ಎತ್ತಿಲ್ಲ.

ಆ ಕಾಲೇಜನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಸೀಟು ಕೊಡುತ್ತೇವೆ ಎಂದರು, ಕೊಟ್ಟರು. ಆಡಿಸುತ್ತೇವೆ ಎಂದು ಅವರು ಹೇಳಿರಲಿಲ್ಲ, ನಾವು ಕೇಳಿರಲೂ ಇಲ್ಲ. ಸೀಟು ಬೇರೆ, ಆಟ ಬೇರೆ ಎಂಬುದು ನಮಗೆ ತಿಳಿದಿರಲಿಲ್ಲ.

ಅಮೆರಿಕದಲ್ಲಿ ಇದೊಂದು ದೊಡ್ಡ ವ್ಯವಸ್ಥೆಯೇ ಆಗಿದೆ. ಅಲ್ಲಿ ಕಾಲೇಜಿನ ಕೋಚುಗಳು ಹೈಸ್ಕೂಲು ಮಕ್ಕಳ ಆಟ ನೋಡಲು ಊರೂರು ತಿರುಗುತ್ತಾರೆ. ತಂದೆತಾಯಿಗಳು ಮಕ್ಕಳ ಆಟದ ವಿಡಿಯೋ ಮಾಡಿಸಿ ಕಳಿಸುತ್ತಾರೆ, ಕ್ಲಬ್ಬಿಗೆ ಸಾವಿರಾರು ಡಾಲರ್ ಸುರಿಯುತ್ತಾರೆ. ಆದರೂ ಹೈಸ್ಕೂಲಿನಲ್ಲಿ ಆಡುವ ನೂರು ಮಕ್ಕಳಲ್ಲಿ ಕಾಲೇಜಿನ ಕ್ರೀಡಾ ವಿದ್ಯಾರ್ಥಿವೇತನ ಸಿಗುವುದು ಸುಮಾರು ಇಬ್ಬರಿಗೆ ಎಂದು ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆಯೇ ಹೇಳುತ್ತದೆ. ಅಲ್ಲಿ ಮೂರನೇ ಡಿವಿಜನ್ನಿನ ಕಾಲೇಜುಗಳಂತೂ ಆಟಕ್ಕೆಂದು ಒಂದು ಡಾಲರ್ ವಿದ್ಯಾರ್ಥಿವೇತನವನ್ನೂ ಕೊಡುವುದಿಲ್ಲ. ಹಾಗಾಗಿ ಅಲ್ಲಿಯ ಪಾಲಕರೂ ನಮ್ಮ ಮಸ್ಕಿಯ ತಂದೆಯಂತೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಹೆಸರುವಾಸಿ ಕಾಲೇಜಿನ ಬೆಂಚೋ, ಸಾಧಾರಣ ಕಾಲೇಜಿನ ಮೈದಾನವೋ?

ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರವಾದದ್ದು ದಕ್ಷಿಣ ಕನ್ನಡದಲ್ಲಿದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯವರು ಕ್ರೀಡೆಯಲ್ಲಿ ಮುಂದಿರುವ ಮಕ್ಕಳನ್ನು ದತ್ತು ಯೋಜನೆಯಲ್ಲಿ ತೆಗೆದುಕೊಂಡು ಉಚಿತವಾಗಿ ಓದಿಸುತ್ತಾರೆ. ಮಂಗಳೂರು ವಿಶ್ವವಿದ್ಯಾಲಯ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಗೆದ್ದು ಬರುವುದರ ಹಿಂದೆ ಆ ಮಕ್ಕಳಿದ್ದಾರೆ. ಉಜಿರೆಯ ಎಸ್.ಡಿ.ಎಂ. ಕಾಲೇಜು ಕೂಡ ಆಟಗಾರರಿಗೆ ಹೆಸರಾದದ್ದು. ಇನ್ನು ಸರ್ಕಾರದ್ದೆಂದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳು. ಎತ್ತರ, ಓಟ, ಜಿಗಿತ ಎಲ್ಲ ಅಳೆದು ಆಯ್ಕೆ ಮಾಡುತ್ತಾರೆ. ಊಟ, ವಸತಿ, ತರಬೇತಿ ಅಲ್ಲಿ. ಪಾಠ ಹತ್ತಿರದ ಶಾಲೆಯಲ್ಲಿ. ನಮಗೆ ಸಮೀಪದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ 2018ರಲ್ಲಿ ಜೆ.ಎಸ್.ಡಬ್ಲ್ಯು. ಕಂಪನಿಯವರ ಇನ್‌ಸ್ಪೈರ್ ಸಂಸ್ಥೆ ಆರಂಭವಾಯಿತು. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್ ಕಲಿಸುತ್ತಾರೆ. ನಮ್ಮ ಜಿಲ್ಲೆಯ ಎಷ್ಟು ಪಾಲಕರಿಗೆ ಇದರ ಹೆಸರು ಗೊತ್ತು? ನವೋದಯ, ಮೊರಾರ್ಜಿ ದೇಸಾಯಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಐದನೇ ತರಗತಿಯಿಂದಲೇ ಟ್ಯೂಷನ್ ಹಾಕುತ್ತೇವೆ, ಮುದಗಲ್ಲಿನ ನವೋದಯದಲ್ಲಿ ಸೀಟು ಸಿಕ್ಕರೆ ಮಿಠಾಯಿ ಹಂಚುತ್ತೇವೆ. ಅದು ಸರಿಯೇ. ಕ್ರೀಡಾ ನಿಲಯದ ಆಯ್ಕೆ ಯಾವಾಗ ನಡೆಯುತ್ತದೆಂದು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ಆಡಿದವನು ಕೆಡುತ್ತಾನೆ, ಓದಿದವನು ನವಾಬನಾಗುತ್ತಾನೆ ಎಂಬ ಮಾತನ್ನು ನಮ್ಮ ಅಜ್ಜಂದಿರ ಕಾಲದಿಂದ ಕೇಳುತ್ತ ಬಂದಿದ್ದೇವೆ. ಇಲ್ಲಿ ಒಬ್ಬ ಮೇಷ್ಟ್ರ ವಿಷಯ ಹೇಳಬೇಕು. ಸೈಯದ್ ಅಬ್ದುಲ್ ರಹೀಮ್. ‘ಮೈದಾನ್’ ಎಂಬ ಹಿಂದಿ ಚಿತ್ರ 2024ರಲ್ಲಿ ಬಂದ ಮೇಲೆ ಹುಡುಗರಿಗೆ ಈ ಹೆಸರು ಗೊತ್ತಾಗಿದೆ. ಅವರು ನಮ್ಮ ಹೈದರಾಬಾದಿನವರು. ನಮ್ಮ ಎಂದು ಬೇಕೆಂತಲೇ ಹೇಳಿದೆ, ಏಕೆಂದರೆ ಆಗ ರಾಯಚೂರು ಜಿಲ್ಲೆಯೂ ಹೈದರಾಬಾದ್ ರಾಜ್ಯದ್ದೇ. ಉಸ್ಮಾನಿಯಾದಲ್ಲಿ ಓದಿ ಶಾಲೆಗಳಲ್ಲಿ ಪಾಠ ಹೇಳಿದ ಮೇಷ್ಟ್ರು, ಆಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿದರು. ಅವರ ಕೈಯಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ತಿಂಗಳು ಶುರುವಾದ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ, ಕೊನೆಗೆ ನಾಲ್ಕನೇ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ. ಮರುವರ್ಷ ಜೂನಿನಲ್ಲಿ ಕ್ಯಾನ್ಸರ್ ಅವರನ್ನು ಒಯ್ದಿತು. ಓದಿದವರು, ಓದಿಸಿದವರು, ಆಡಿಸಿದವರು, ಮೂವರೂ ಒಬ್ಬರೇ. ಇವರನ್ನು ನವಾಬರ ಸಾಲಿಗೆ ಸೇರಿಸಬೇಕೋ ಕೆಟ್ಟವರ ಸಾಲಿಗೋ ನೀವೇ ಹೇಳಿ.

ಕನ್ನಡ ನಾಡಿಗೂ ಫುಟ್‌ಬಾಲ್ ಹೊಸದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. ಬೆಂಗಳೂರಿನ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದರು. ಈಚೆಗೆ 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆ ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ.

ಇನ್ನು ಆ ತಂದೆಯ ಪ್ರಶ್ನೆಗೆ ಬರುತ್ತೇನೆ. ಕರೆ ಬಂದಾಗ ನಾವು ಏನು ಕೇಳಬೇಕು? ನಾವು ಸಾಮಾನ್ಯವಾಗಿ ಕೇಳುವುದು ಎರಡೇ: ಫೀಸು ಎಷ್ಟು, ಊಟ ಹೇಗೆ? ಫೀಸು ಇಲ್ಲವೆಂದ ಕೂಡಲೇ ನಮ್ಮ ಬಾಯಿ ಕಟ್ಟಿಬಿಡುತ್ತದೆ. ಪುಕ್ಕಟೆ ಕೊಡುವವರನ್ನು ಪ್ರಶ್ನೆ ಕೇಳುವುದು ಬೇಅದಬಿ ಎಂದು ಭಾವಿಸುತ್ತೇವೆ. ಮಗುವಿನ ಎರಡು ವರ್ಷ ಪುಕ್ಕಟೆಯಲ್ಲ ಸ್ವಾಮಿ. ಮೊದಲು ಕೇಳಬೇಕಾದದ್ದು: ನನ್ನ ಮಗ ಆಡುವ ಜಾಗದಲ್ಲಿ ಈಗಾಗಲೇ ಎಷ್ಟು ಜನ ಇದ್ದಾರೆ? ಅವರು ಯಾವ ವರ್ಷದಲ್ಲಿ ಓದುತ್ತಿದ್ದಾರೆ? ದ್ವಿತೀಯ ವರ್ಷದವನಾದರೆ ಮುಂದಿನ ವರ್ಷ ಜಾಗ ಖಾಲಿಯಾಗುತ್ತದೆ. ಅವನೂ ಹೊಸಬನಾದರೆ ಎರಡೂ ವರ್ಷ ಅವನೇ ನಿಲ್ಲಬಹುದು. ಇದು ಕೋಚ್‌ಗೆ ಗೊತ್ತಿರುವ ಲೆಕ್ಕ, ನಮಗೆ ಗೊತ್ತಿರುವುದಿಲ್ಲ. ಕೇಳಿದರೆ ಒಳ್ಳೆಯ ಕೋಚ್ ನೇರವಾಗಿ ಹೇಳುತ್ತಾನೆ.

ಎರಡನೆಯದು ಹಾಜರಾತಿ. ಪಿ.ಯು.ಸಿ.ಯಲ್ಲಿ ಶೇ. 75 ಹಾಜರಾತಿ ಬೇಕು. ಪಂದ್ಯಕ್ಕೆ ಹೋದ ದಿನ ತಪ್ಪಿದ ಪಾಠವನ್ನು ಮತ್ತೆ ಹೇಳಿಕೊಡುವವರಿದ್ದಾರೆಯೇ ಎಂಬುದು ಹಾಜರಾತಿಗಿಂತ ದೊಡ್ಡ ಪ್ರಶ್ನೆ. ಪುಸ್ತಕದಲ್ಲಿ ಹಾಜರಿ ಬಿದ್ದರೂ ತಲೆಯೊಳಗೆ ಗೈರುಹಾಜರಿಯೇ. ಹೋದ ವರ್ಷ ತಂಡದಲ್ಲಿದ್ದ ಹುಡುಗರಲ್ಲಿ ಎಷ್ಟು ಜನ ಪಾಸಾದರು ಎಂದು ಕೇಳಿ. ಬೇಕಾದರೆ ಒಬ್ಬ ಹಳೆಯ ವಿದ್ಯಾರ್ಥಿಯ ನಂಬರ್ ತೆಗೆದುಕೊಂಡು ಮಾತನಾಡಿ. ಮಗುವಿಗೆ ಸೈನ್ಸ್ ಕೊಡುತ್ತಾರೋ, ಅಥವಾ ಆಟಗಾರರನ್ನೆಲ್ಲ ಒಟ್ಟಿಗೆ ಆರ್ಟ್ಸ್‌ಗೆ ಹಾಕುತ್ತಾರೋ? ಆರ್ಟ್ಸ್ ಕೀಳೆಂದಲ್ಲ, ನಾನೇ ಆಮೇಲೆ ಆರ್ಟ್ಸ್ ಓದಿ ಬಿ.ಇಡಿ. ಮಾಡಿದವನು. ಆದರೆ ಆಯ್ಕೆ ನಮ್ಮದಿರಬೇಕು. ಮೊಣಕಾಲಿಗೆ ಪೆಟ್ಟಾಗಿ ಆರು ತಿಂಗಳು ಆಡಲಾಗದಿದ್ದರೆ ಹಾಸ್ಟೆಲು ಮುಂದುವರಿಯುತ್ತದೆಯೇ? ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಬರೆದು ಕೊಡಲು ಕೇಳಿ.

ಉರ್ದು ಮಾಧ್ಯಮದ ಮಕ್ಕಳಿಗೆ ಇನ್ನೊಂದು ತೊಡಕು. ಎರಡೂ ಭಾಷೆ ಕಲಿಸುವ ಮೇಷ್ಟ್ರಾಗಿ ಇದನ್ನು ಹೇಳುವುದು ನನ್ನ ಕರ್ತವ್ಯ. ಮೈದಾನದಲ್ಲಿ ಕೋಚ್ ಕೂಗುವುದು ಕನ್ನಡದಲ್ಲಿ, ಕ್ಲಾಸಿನಲ್ಲಿ ಪಾಠ ಇಂಗ್ಲಿಷಿನಲ್ಲಿ, ಹಾಸ್ಟೆಲಿನ ಹುಡುಗರು ಮಾತನಾಡುವುದು ತುಳುವಿನಲ್ಲಿ. ನಮ್ಮ ಹುಡುಗ ಮೂರರ ನಡುವೆ ಬಾಯಿ ಮುಚ್ಚಿ ನಿಲ್ಲುತ್ತಾನೆ. ಗೋಲ್‌ಕೀಪರ್ ಬಾಯಿ ಮುಚ್ಚಿ ನಿಂತರೆ ತಂಡ ಸೋಲುತ್ತದೆ, ಹಿಂದಿನಿಂದ ಎಲ್ಲರನ್ನೂ ಕೂಗಿ ನಿಲ್ಲಿಸಬೇಕಾದವನು ಅವನೇ. ಕನ್ನಡ ಪೇಪರನ್ನು ಪಾಸ್ ಮಾರ್ಕಿಗಷ್ಟೇ ಓದುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ರಂಜಾನಿನ ರೋಜಾ, ಊಟ, ನಮಾಜಿನ ಸಮಯ ಇವನ್ನೂ ಮೊದಲೇ ಮಾತನಾಡಿಕೊಂಡರೆ ಆಮೇಲೆ ಹುಡುಗ ಒಬ್ಬನೇ ಸಂಕೋಚಪಡುವುದು ತಪ್ಪುತ್ತದೆ.

ಹೆಣ್ಣುಮಕ್ಕಳ ವಿಷಯ. ಲಿಂಗಸೂಗೂರಿನ ಒಬ್ಬ ಹುಡುಗಿ ಖೋ-ಖೋದಲ್ಲಿ ಜಿಲ್ಲೆಗೆ ಆಡಿದಳು. ಎಂಟನೇ ತರಗತಿಯ ನಂತರ ಮನೆಯವರು ನಿಲ್ಲಿಸಿದರು. ಕಾರಣ ಕೇಳಿದರೆ ಬಟ್ಟೆ ಮತ್ತು ಬಸ್ಸು. ಬಟ್ಟೆಯ ವಿಷಯಕ್ಕೆ ಹೇಳುವುದಾದರೆ, 2014ರಲ್ಲೇ ಫುಟ್‌ಬಾಲಿನ ನಿಯಮ ಮಾಡುವವರು ತಲೆವಸ್ತ್ರಕ್ಕೆ ಅನುಮತಿ ಕೊಟ್ಟಿದ್ದಾರೆ. 2017ರಲ್ಲಿ ಬಾಸ್ಕೆಟ್‌ಬಾಲ್‌ನವರೂ ಕೊಟ್ಟರು. 2023ರ ಮಹಿಳಾ ವಿಶ್ವಕಪ್ಪಿನಲ್ಲಿ ಮೊರಾಕ್ಕೊದ ನುಹೈಲಾ ಬೆಂಜಿನಾ ಹಿಜಾಬ್ ಧರಿಸಿಯೇ ಆಡಿದಳು. ಬಸ್ಸಿನ ವಿಷಯಕ್ಕೆ, 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಲಿಂಗಸೂಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲಿನ ಊರುಗಳು. ಮೂರೂ ಊರಿನ ಹುಡುಗಿಯರು ವಾರಕ್ಕೆರಡು ದಿನ ಒಂದು ಕಡೆ ಸೇರಿ ಆಡಲು ಟಿಕೆಟ್ಟಿನ ತೊಂದರೆಯಂತೂ ಇಲ್ಲ. ನಿಜಾಮಾಬಾದಿನ ನಿಖತ್ ಜರೀನ್ ಬಾಕ್ಸಿಂಗ್‌ನಲ್ಲಿ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದಳು. 2024ರಲ್ಲಿ ತೆಲಂಗಾಣ ಸರ್ಕಾರ ಅವಳನ್ನು ಡಿ.ಎಸ್.ಪಿ. ಮಾಡಿತು. ಅವಳ ಬೆನ್ನಿಗೆ ನಿಂತವರು ಅವಳ ತಂದೆ. ನಮ್ಮಲ್ಲಿ ಹುಡುಗಿಗೆ ಪ್ರತಿಭೆ ಇಲ್ಲವೆಂದು ಆಟ ನಿಲ್ಲುವುದು ಅಪರೂಪ, ನಿಲ್ಲಿಸುವುದು ನಾವೇ.

ನೌಕರಿ, ಮೀಸಲಾತಿಯ ಮಾತು ಬೇಗ ಹೇಳಿ ಮುಗಿಸುತ್ತೇನೆ. ಸಿ.ಇ.ಟಿ.ಯಲ್ಲಿ ಕ್ರೀಡಾ ಕೋಟಾ ಇದೆ, ಆದರೆ ಸೀಟುಗಳು ಬೆರಳೆಣಿಕೆಯಷ್ಟು. ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದವರೇ ಅಲ್ಲಿ ಮುಂದಿರುತ್ತಾರೆ. ತಾಲ್ಲೂಕು ಮಟ್ಟದ ಸರ್ಟಿಫಿಕೇಟಿನಿಂದ ಇಂಜಿನಿಯರಿಂಗ್ ಸೀಟು ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕಿಂತ ದೊಡ್ಡ ಸೌಲಭ್ಯ ನಮ್ಮ ಕೈಯಲ್ಲೇ ಇದೆ: 371(ಜೆ). ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ಕಲ್ಯಾಣ ಕರ್ನಾಟಕದವರಿಗೆ ಮೀಸಲು. ಮಗ ಕರಾವಳಿಯಲ್ಲಿ ಪಿ.ಯು.ಸಿ. ಓದಿದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ. ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಹಾಗೆಯೇ ಜನ್ಮದಿನಾಂಕ. ನಮ್ಮ ಕಡೆ ಹಿಂದಿನ ಪೀಳಿಗೆಯ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು! ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಆದರೆ ಕ್ರೀಡೆಯಲ್ಲಿ 14, 17, 19 ವರ್ಷದೊಳಗಿನವರು ಎಂದು ವಿಭಾಗ ಇರುತ್ತದೆ. ಆಧಾರಿನಲ್ಲಿ ಒಂದು, ಶಾಲೆಯಲ್ಲಿ ಒಂದು, ಜನನ ಪತ್ರದಲ್ಲಿ ಒಂದು ತಾರೀಖು ಇದ್ದರೆ ಆಯ್ಕೆಯ ದಿನ ಮಗು ಮೈದಾನದ ಹೊರಗೆ ಅಳುತ್ತ ನಿಲ್ಲುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ನೀವೆಲ್ಲ ಮೊಹಮ್ಮದ್ ಸಲಾಹ್‌ನ ಜೆರ್ಸಿ ಹಾಕಿಕೊಳ್ಳುತ್ತೀರಿ. ಈಜಿಪ್ಟಿನ ನಗ್ರಿಗ್ ಎಂಬ ಹಳ್ಳಿಯ ಹುಡುಗ. ಹದಿನಾಲ್ಕನೇ ವಯಸ್ಸಿನಲ್ಲಿ ಬಸ್ಸಿನ ಮೇಲೆ ಬಸ್ಸು ಬದಲಿಸಿ, ಹೋಗಲು ನಾಲ್ಕು ತಾಸು ಬರಲು ನಾಲ್ಕು ತಾಸು, ವಾರಕ್ಕೆ ಐದು ದಿನ ಕೈರೋಗೆ ಅಭ್ಯಾಸಕ್ಕೆ ಹೋಗುತ್ತಿದ್ದ. ಶಾಲೆಯಲ್ಲಿ ಕೂರುತ್ತಿದ್ದುದು ಬೆಳಿಗ್ಗೆ ಎರಡು ತಾಸು ಮಾತ್ರ ಎಂದು ಅವನೇ ಹೇಳಿಕೊಂಡಿದ್ದಾನೆ. ಈ ಕಥೆ ಕೇಳಿ ನಿಮಗೆ ಹುಮ್ಮಸ್ಸು ಬರುತ್ತದೆ. ಮೇಷ್ಟ್ರಾದ ನನಗೆ ಮಾತ್ರ ಅದೇ ಬಸ್ಸಿನಲ್ಲಿ ಅಷ್ಟೇ ದೂರ ಹೋಗಿ ಸಲಾಹ್ ಆಗದೆ ಉಳಿದ ಹುಡುಗರು ನೆನಪಾಗುತ್ತಾರೆ. ಅವರ ಹತ್ತಿರ ಎರಡು ತಾಸಿನ ಶಾಲೆ ಬಿಟ್ಟು ಬೇರೇನೂ ಉಳಿದಿರಲಿಕ್ಕಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಆಟದ ಸೀಟು ತೆಗೆದುಕೊಳ್ಳುವ ಕಾಲೇಜು, ಆಟ ಇಲ್ಲದಿದ್ದರೂ ನೀವು ಸೇರಬಹುದಾಗಿದ್ದ ಕಾಲೇಜಾಗಿರಲಿ. ಅಲ್ಲಿ ಲ್ಯಾಬು, ಲೈಬ್ರರಿ, ಪಾಠ ಮಾಡುವ ಮೇಷ್ಟ್ರು ಇರಲಿ. ಹಿರಿಯರಲ್ಲಿ ಕೆಲವರಿಗೆ ಇದು ಒಪ್ಪಿಗೆಯಾಗದಿರಬಹುದು. ಗಟ್ಟಿ ಮನಸ್ಸು ಮಾಡಿ ಆಟಕ್ಕೇ ಬಿಡಬೇಕು ಎನ್ನುವವರೂ ಇದ್ದಾರೆ. ಅವರ ಜೊತೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ನನ್ನ ಬೆಂಚು ನನ್ನಿಂದ ಹೀಗೆ ಮಾತನಾಡಿಸುತ್ತಿದೆ.

ಮಸ್ಕಿಯ ತಂದೆಗೆ ಇಷ್ಟನ್ನೂ ಹೇಳಿದೆ. ಅವರು ನನ್ನೆದುರೇ ಕೋಚ್‌ಗೆ ಫೋನ್ ಹಚ್ಚಿದರು. ಮೊದಲ ಸಲ ಪ್ರಶ್ನೆ ಕೇಳುವವರ ದನಿ ಹೇಗಿರುತ್ತದೋ ಹಾಗೆ ತಡವರಿಸಿ, “ಸಾಹೇಬ್ರ, ನಿಮ್ಮಲ್ಲಿ ಗೋಲ್ ಕಾಯೋರು ಎಷ್ಟ ಮಂದಿ ಅದಾರ?” ಎಂದರು. ಆ ಕೋಚ್ ಸಭ್ಯ ಮನುಷ್ಯ. ಇಬ್ಬರಿದ್ದಾರೆ, ಒಬ್ಬ ಈ ವರ್ಷ ಹೋಗುತ್ತಾನೆ, ಇನ್ನೊಬ್ಬ ಒಳ್ಳೆಯ ಆಟಗಾರ, ನಿಮ್ಮ ಮಗ ಮೊದಲ ವರ್ಷ ಕಾಯಬೇಕಾದೀತು ಎಂದು ಬಿಚ್ಚಿ ಹೇಳಿದರು. ಸೈನ್ಸ್ ಕೊಡುತ್ತೇವೆ, ಆದರೆ ಅಭ್ಯಾಸ ಎರಡು ಹೊತ್ತೂ ತಪ್ಪುವುದಿಲ್ಲ ಎಂದೂ ಹೇಳಿದರು. ಫೋನ್ ಇಟ್ಟು ತಂದೆ ಮಗನ ಕಡೆ ನೋಡಿದರು. ಹುಡುಗ ನೆಲ ನೋಡುತ್ತಿದ್ದ. “ಒಂದು ವರ್ಷ ಕಾಯ್ತೀಯೇನೋ?” ಎಂದು ನಾನು ಕೇಳಿದೆ. ಅವನು ಕಾಯುತ್ತೇನೆ ಎನ್ನಲಿಲ್ಲ, ಕಾಯುವುದಿಲ್ಲ ಎನ್ನಲಿಲ್ಲ. “ಸರ್, ಬೆಂಚಿನ್ಯಾಗ ಕುಂತಾಗ ಅಬ್ಬಾಗ ಸುಳ್ಳು ಹೇಳಂಗಿಲ್ಲ” ಎಂದ.

ಅರ್ಜಿಗೆ ಇನ್ನೂ ಎಂಟು ದಿನ ಇದೆ. ಸಭೆ ಮುಗಿದ ಮೇಲೆ ಅವರಿಬ್ಬರೂ ನನ್ನ ಹತ್ತಿರ ಬರುವವರಿದ್ದಾರೆ. ಇಂಥದೇ ಪ್ರಶ್ನೆ ಇರುವವರು ಬೇರೆ ಯಾರಾದರೂ ಇದ್ದರೆ ಜೊತೆಗೆ ಬನ್ನಿ, ಶಾಲೆಯ ಸ್ಟಾಫ್ ರೂಮು ತೆರೆದಿರುತ್ತದೆ.